ಮಗಳಿಗೊಂದು ಪತ್ರ: ಮನೆಗಿಂತ ಮೊದಲು ಹಳ್ಳ ನೋಡು

ಪ್ರೀತಿಯ ಪುಟ್ಟಿ,

ಜರ್ಮನಿಯ ಡ್ಯೂಸೆಲ್‌ಡಾರ್ಫ್ ಪಕ್ಕದ ಎರ್ಕ್‌ರಾಟ್‌ನಲ್ಲಿ ನೀವು ಕೊಳ್ಳಬೇಕು ಅಂತಿರುವ ಮನೆಯ ಫೋಟೋಗಳನ್ನು ಅಮ್ಮ ಮತ್ತೆ ಮತ್ತೆ ನೋಡುತ್ತಿದ್ದಾಳೆ. ಅಡುಗೆಮನೆ ದೊಡ್ಡದು, ಬೆಳಗಿನ ಬಿಸಿಲು ಒಳಗೆ ಬರುತ್ತದೆ ಅಂತ ಅವಳಿಗೆ ಖುಷಿ. ನನ್ನ ಕಣ್ಣು ಹೋಗಿದ್ದು ಹಿತ್ತಲ ಬೇಲಿಯ ಆಚೆಗೆ. ಅಲ್ಲಿ ಸಾಲಾಗಿ ನಿಂತಿರುವ ಮರಗಳ ಕೆಳಗೆ ಡ್ಯೂಸೆಲ್ ಅನ್ನುವ ಹಳ್ಳ ಹರಿಯುತ್ತದೆ. "ಹಿಂದೆ ಒಂದು ಪುಟ್ಟ ಹಳ್ಳ ಇದೆ ಅಪ್ಪ, ತುಂಬಾ ಚೆನ್ನಾಗಿದೆ" ಅಂತ ಬರೆದಿದ್ದೀಯ. ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಸಣ್ಣ ನೀರಾವರಿ ಇಲಾಖೆಯಲ್ಲಿ ಇಷ್ಟು ವರ್ಷ ಇದ್ದವನಿಗೆ ಪುಟ್ಟ ಹಳ್ಳ ಅಂದ ಕೂಡಲೇ ಒಂದೇ ಪ್ರಶ್ನೆ ಬರುತ್ತದೆ. ಅದಕ್ಕೆ ಎಲ್ಲೆಲ್ಲಿಯ ನೀರು ಬಂದು ಸೇರುತ್ತದೆ?

ನಿಮ್ಮ ಈಗಿನ ಮನೆಗೆ ಬಂದಿದ್ದಾಗ ನೀವಿಬ್ಬರೂ ಆಫೀಸಿಗೆ ಹೋದ ಮೇಲೆ ನಾನು ಅದರ ದಡದಲ್ಲೇ ಅಡ್ಡಾಡುತ್ತಿದ್ದೆ. ಅಳಿಯಂದಿರು ಒಂದು ಭಾನುವಾರ ಕಾರಿನಲ್ಲಿ ಮೇಲಿನ ಊರುಗಳ ಕಡೆಗೂ ಕರೆದುಕೊಂಡು ಹೋಗಿದ್ದರು. ನೀನು ಮಲಗಿದ್ದೆ. ಹಾಗಾಗಿ ನಿನಗೆ ಗೊತ್ತಿರುವುದು ಎರ್ಕ್‌ರಾಟ್‌ನ ಸೇತುವೆ ಮಾತ್ರ. ಅಲ್ಲಿಂದ ಮೇಲಿನದನ್ನು ನಾನು ಹೇಳುತ್ತೇನೆ. ಪತ್ರ ಉದ್ದ ಆಗುತ್ತದೆ, ಬಿಡುವಾಗಿದ್ದಾಗ ಓದು.

ಡ್ಯೂಸೆಲ್ ಹುಟ್ಟುವುದು ವ್ಯೂಲ್‌ಫ್ರಾಟ್ ಮತ್ತು ನೆವಿಗೆಸ್ ಅನ್ನುವ ಊರುಗಳ ನಡುವಿನ ದಿಬ್ಬಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 250 ಮೀಟರ್ ಎತ್ತರದಲ್ಲಿ. ಹೊಲ, ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ತೋಟದಮನೆ. ಗುಡಿಯೂ ಇಲ್ಲ, ತೀರ್ಥವೂ ಇಲ್ಲ. ಅಲ್ಲಿಂದ ರೈನ್ ನದಿಗೆ ಸುಮಾರು 40 ಕಿಲೋಮೀಟರ್ ದಾರಿ, ಇಳಿಯುವುದು 200 ಮೀಟರ್‌ಗೂ ಜಾಸ್ತಿ. ಆ ಇಳಿಜಾರಿನ ಬಹುಪಾಲು ನಿಮ್ಮ ಊರಿಗಿಂತ ಮೇಲೆಯೇ ಮುಗಿದಿರುತ್ತದೆ. ಅಂದರೆ ನೀರು ನಿಮ್ಮ ಊರಿನವರೆಗೆ ಅವಸರದಲ್ಲಿ ಬರುತ್ತದೆ, ಆಮೇಲೆ ನಿಧಾನವಾಗುತ್ತದೆ. ಅವಸರದಲ್ಲಿ ಬಂದ ನೀರು ನಿಧಾನವಾಗುವ ಜಾಗದಲ್ಲೇ ಅದು ಹರಡಿಕೊಳ್ಳುವುದು. ಇದನ್ನು ನೆನಪಿಟ್ಟುಕೋ.

ಆ ದಿಬ್ಬದ ಮೇಲೆ ನಿಂತಾಗ ನನಗೆ ತುಂಬಾ ಇಷ್ಟವಾಗಿದ್ದು ನೀರಿನ ಪಾಲು. ಒಂದೇ ಮಳೆ ಬೀಳುತ್ತದೆ. ಉತ್ತರಕ್ಕೆ, ನೆವಿಗೆಸ್ ಕಡೆ ಬಿದ್ದಿದ್ದು ಹಾರ್ಡನ್‌ಬರ್ಗರ್ ಬಾಖ್ ಅನ್ನುವ ಹಳ್ಳ ಸೇರಿ ರೂರ್ ನದಿಗೆ ಹೋಗುತ್ತದೆ. ದಕ್ಷಿಣಕ್ಕೆ ಬಿದ್ದಿದ್ದು ವುಪ್ಪರ್ ನದಿಗೆ. ವ್ಯೂಲ್‌ಫ್ರಾಟ್‌ನ ಇನ್ನೊಂದು ಮಗ್ಗುಲಿಗೆ ಬಿದ್ದಿದ್ದು ಆಂಗರ್ ಹಳ್ಳಕ್ಕೆ. ನಡುವೆ ಬಿದ್ದಿದ್ದು ಡ್ಯೂಸೆಲ್‌ಗೆ. ಎಲ್ಲವೂ ಕೊನೆಗೆ ರೈನ್‌ಗೇ ಬಂದು ಸೇರುತ್ತವೆ, ಆದರೆ ವುಪ್ಪರ್ ಲೆವರ್‌ಕೂಸನ್‌ನಲ್ಲಿ, ಡ್ಯೂಸೆಲ್ ಡ್ಯೂಸೆಲ್‌ಡಾರ್ಫ್‌ನಲ್ಲಿ, ಆಂಗರ್ ಮತ್ತು ರೂರ್ ಡ್ಯೂಸ್‌ಬರ್ಗ್‌ನಲ್ಲಿ. ಅಳಿಯಂದಿರಿಗೆ ಇದನ್ನು ವಿವರಿಸುತ್ತಾ ನಿಂತೆ. ಅವರು ಪಾಪ ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತಾ ಕೇಳಿಸಿಕೊಂಡರು.

ಇನ್ನು ಮಳೆ. ನಮ್ಮ ಕಡೆ ಹಾಗೆ ಅಲ್ಲಿ ಮುಂಗಾರು, ಹಿಂಗಾರು ಅಂತ ಇಲ್ಲ. ವರ್ಷವಿಡೀ ಸ್ವಲ್ಪ ಸ್ವಲ್ಪ ಬೀಳುತ್ತಲೇ ಇರುತ್ತದೆ. ಪಡುವಣದಿಂದ ಬರುವ ಮೋಡ ಬಯಲು ದಾಟಿ ಬಂದು ಈ ಗುಡ್ಡಗಳನ್ನು ಏರಬೇಕು. ಏರುವಾಗ ಮಳೆ ಸುರಿಸುತ್ತದೆ. ಅದಕ್ಕೇ ಡ್ಯೂಸೆಲ್‌ಡಾರ್ಫ್‌ನಲ್ಲಿ ವರ್ಷಕ್ಕೆ 800 ಮಿಲಿಮೀಟರ್‌ಗಿಂತ ಕಡಿಮೆ ಆದರೆ, ಪಕ್ಕದ ವುಪ್ಪರ್ಟಾಲ್‌ನಲ್ಲಿ 1,100 ದಾಟುತ್ತದೆ. ನಿನ್ನ ಹಿತ್ತಲ ಹಳ್ಳದ ನೀರು ಬರುವುದು ಆ ಜಾಸ್ತಿ ಮಳೆ ಬೀಳುವ ಕಡೆಯಿಂದ. ನಿಮ್ಮ ಬಾಲ್ಕನಿಯಲ್ಲಿ ಬಿಸಿಲಿದ್ದಾಗಲೂ ಹಳ್ಳ ಕೆಂಪಗೆ ಬರಬಹುದು. ಒಂದು ಸಲ ನನಗೆ ಹಾಗೇ ಕಾಣಿಸಿತು. ಆ ಬಣ್ಣ ಮೆಟ್‌ಮನ್ ಸುತ್ತಲಿನ ಹೊಲಗಳದ್ದು. ಹಿಮಯುಗದಲ್ಲಿ ಗಾಳಿ ತಂದು ಹಾಸಿದ ನುಣುಪು ಮಣ್ಣು ಅಲ್ಲಿದೆ. ಬೆಳೆಗೆ ಬಂಗಾರ, ಆದರೆ ಜೋರು ಮಳೆಗೆ ಸುಲಭವಾಗಿ ಕೊಚ್ಚಿಕೊಂಡು ಬರುತ್ತದೆ.

ಮೇಲಿನ ಭಾಗದಲ್ಲಿ ಡ್ಯೂಸೆಲ್ ಅನ್ನುವ ಹೆಸರಿನ ಹಳ್ಳಿಯೇ ಇದೆ, ಈಗ ಅದು ವ್ಯೂಲ್‌ಫ್ರಾಟ್‌ಗೆ ಸೇರಿದ್ದು. ಅಲ್ಲಿ ಹಳ್ಳವನ್ನು ಒಂದು ಜಿಗಿತಕ್ಕೆ ದಾಟಬಹುದು, ನನ್ನ ಮೊಣಕಾಲು ಒಪ್ಪಿದರೆ. ಗ್ರ್ಯೂಟನ್ ಹಳ್ಳಿಯಲ್ಲಿ ಕ್ಲೈನೆ ಡ್ಯೂಸೆಲ್, ಅಂದರೆ ಚಿಕ್ಕ ಡ್ಯೂಸೆಲ್, ಬಂದು ಸೇರುತ್ತದೆ. ಆ ಹಳ್ಳಿಗೆ ನೀವಿಬ್ಬರೂ ಹೋಗಿಬನ್ನಿ. ಮರದ ಚೌಕಟ್ಟಿನ ಹಳೇ ಮನೆಗಳು, ಸುತ್ತ ಹಳೇ ಸುಣ್ಣದ ಗೂಡುಗಳು. ಸುಣ್ಣದ ಕಲ್ಲು ತೆಗೆದು ಬಿಟ್ಟ ಗುಂಡಿಯೊಂದು ಈಗ ಸಂರಕ್ಷಿತ ಪ್ರದೇಶ, ಗ್ರೂಬೆ 7 ಅಂತ ಹೆಸರು. ಅಲ್ಲಿಂದ ಕೆಳಗೆ ದಡದ ಉದ್ದಕ್ಕೂ ಕಾಲುದಾರಿ ಇದೆ, ವಿಂಕೆಲ್ಸ್‌ಮ್ಯೂಲೆ ಅನ್ನುವ ಹಳೇ ನೀರಿನ ಗಿರಣಿಯ ಮುಂದೆ ಹಾದು ಹೋಗುತ್ತದೆ.

ಆ ಸುಣ್ಣದ ಕಲ್ಲಿನ ವಿಷಯಕ್ಕೆ ಬಂದೆ. ಮಿಕ್ಕ ಗುಡ್ಡಗಳೆಲ್ಲ ಹೆಚ್ಚಾಗಿ ಪದರುಕಲ್ಲು, ನೀರು ಒಳಗೆ ಜಾಸ್ತಿ ಇಂಗುವುದಿಲ್ಲ, ಮೇಲೆಯೇ ಜಾರಿ ಹಳ್ಳಕ್ಕೆ ಬರುತ್ತದೆ. ನಡುವೆ ಒಂದು ಪಟ್ಟಿ ಸುಣ್ಣದ ಕಲ್ಲು. ಸುಮಾರು 38 ಕೋಟಿ ವರ್ಷಗಳ ಹಿಂದೆ ಅಲ್ಲಿ ಬೆಚ್ಚನೆಯ ಸಮುದ್ರ ಇತ್ತು, ಹವಳದ ದಿಬ್ಬಗಳಿದ್ದವು. ಅವೇ ಕಲ್ಲಾಗಿವೆ. ಮಳೆನೀರು ಅದನ್ನು ಕರಗಿಸುತ್ತಾ ಬಿರುಕು ಮಾಡುತ್ತದೆ, ಬಿರುಕು ಗುಹೆಯಾಗುತ್ತದೆ. ಎರ್ಕ್‌ರಾಟ್ ಮತ್ತು ಮೆಟ್‌ಮನ್ ನಡುವೆ ಡ್ಯೂಸೆಲ್ ಈ ಕಲ್ಲನ್ನು ಸುಮಾರು 50 ಮೀಟರ್ ಆಳಕ್ಕೆ ಕೊರೆದುಕೊಂಡು ಹರಿಯುತ್ತಿತ್ತು. ಎರಡೂ ಕಡೆ ಬಂಡೆಗೋಡೆ, ಗೋಡೆಯಲ್ಲಿ ಗುಹೆಗಳು. ಡ್ಯೂಸೆಲ್‌ಡಾರ್ಫ್‌ನ ಚಿತ್ರಕಾರರು ಅಲ್ಲಿಗೆ ಹೋಗಿ ಚಿತ್ರ ಬರೆಯುತ್ತಿದ್ದರು. 1670ರ ದಶಕದಲ್ಲಿ ಡ್ಯೂಸೆಲ್‌ಡಾರ್ಫ್‌ನಲ್ಲಿ ಮೇಷ್ಟರಾಗಿದ್ದ ಯೋವಾಕಿಮ್ ನಿಯಾಂಡರ್ ಅನ್ನುವ ಕೀರ್ತನೆಕಾರರಿಗೆ ಆ ಜಾಗ ಇಷ್ಟವಾಗಿತ್ತಂತೆ. ಅವರ ಹೆಸರೇ ಕಣಿವೆಗೆ ಬಂತು, ನಿಯಾಂಡರ್ತಾಲ್ ಅಂತ.

ನೀನು ಅಲ್ಲಿನ ಮ್ಯೂಸಿಯಂ ನೋಡಿದ್ದೀಯ. ಹೊರಗೆ ಹರಿಯುವ ಹಳ್ಳವನ್ನು ನೋಡಿದ್ದೀಯಾ? ಮ್ಯೂಸಿಯಂ ಒಳಗಿರುವ ಕಥೆಗೆಲ್ಲ ಕಾರಣ ಅದೇ. 1856ರ ಆಗಸ್ಟ್‌ನಲ್ಲಿ ಕ್ವಾರಿ ಕೆಲಸಗಾರರು ಹಳ್ಳದಿಂದ ಸುಮಾರು 20 ಮೀಟರ್ ಮೇಲಿದ್ದ ಒಂದು ಗುಹೆಯ ಮಣ್ಣು ಬಾಚಿ ಕೆಳಗೆ ಎಸೆಯುತ್ತಿದ್ದರು. ಅದರಲ್ಲಿ ಮೂಳೆಗಳು ಸಿಕ್ಕವು. ಗುಹೆ ಕರಡಿಯದ್ದಿರಬೇಕು ಅಂದುಕೊಂಡರು. ಯೋಹಾನ್ ಕಾರ್ಲ್ ಫೂಲ್ರಾಟ್ ಅನ್ನುವ ಮೇಷ್ಟರು ನೋಡಿ, ಇದು ಮನುಷ್ಯನದ್ದು, ಆದರೆ ನಮ್ಮಂಥ ಮನುಷ್ಯನದ್ದಲ್ಲ ಅಂದರು. ದೊಡ್ಡ ದೊಡ್ಡ ಪಂಡಿತರು ವರ್ಷಗಟ್ಟಲೆ ಒಪ್ಪಲಿಲ್ಲ. 1864ರಲ್ಲಿ ವಿಲಿಯಂ ಕಿಂಗ್ ಅನ್ನುವ ಭೂವಿಜ್ಞಾನಿ ಅದಕ್ಕೆ ಹೋಮೋ ನಿಯಾಂಡರ್ತಾಲೆನ್ಸಿಸ್, ಅಂದರೆ ನಿಯಾಂಡರ್ತಾಲ್‌ನ ಮನುಷ್ಯ, ಅಂತ ಹೆಸರಿಟ್ಟರು. ಅಷ್ಟು ಹೊತ್ತಿಗೆ ಗುಹೆ ಎಲ್ಲಿತ್ತು? ಸುಣ್ಣವಾಗಿ ಹೋಗುತ್ತಿತ್ತು. ರೈಲು ಬಂದಿತ್ತು, ಕಬ್ಬಿಣದ ಕಾರ್ಖಾನೆಗಳಿಗೆ ಸುಣ್ಣದ ಕಲ್ಲು ಬೇಕಿತ್ತು. ಬಂಡೆ ಒಡೆದರು, ಗುಹೆ ಒಡೆದರು, ಕಣಿವೆಯನ್ನೇ ಅಗಲ ಮಾಡಿಬಿಟ್ಟರು. ಚಿತ್ರಕಾರರು ಬರೆದ ಕಣಿವೆ ಈಗ ಚಿತ್ರದಲ್ಲಿ ಮಾತ್ರ ಇದೆ.

ಗುಹೆ ಇದ್ದ ಜಾಗವೇ ಮರೆತುಹೋಗಿತ್ತು. 1997ರಲ್ಲಿ ರಾಲ್ಫ್ ಶ್ಮಿಟ್ಸ್ ಮತ್ತು ಯೂರ್ಗನ್ ಟಿಸ್ಸನ್ ಅನ್ನುವ ಇಬ್ಬರು ಪುರಾತತ್ವಜ್ಞರು ಆ ಎಸೆದ ಮಣ್ಣನ್ನೇ ಹುಡುಕಿ ಅಗೆದರು. ಸಿಕ್ಕ ಒಂದು ಚೂರು 1856ರ ತೊಡೆಮೂಳೆಗೆ ಸರಿಯಾಗಿ ಕೂತಿತು! ಮೂಳೆಗಳಿಗೆ ಸುಮಾರು 42,000 ವರ್ಷ ವಯಸ್ಸು. ಈಗ ಅಲ್ಲಿ ಒಂದು ಗೋಪುರ ಕಟ್ಟಿದ್ದಾರೆ, ಹತ್ತಿ ನಿಂತರೆ ಗುಹೆ ಇದ್ದ ಎತ್ತರದಲ್ಲಿ ನಿಂತ ಹಾಗೆ. ಮನೆಗೂ ಇದಕ್ಕೂ ಏನಪ್ಪಾ ಸಂಬಂಧ ಅಂತ ಕೇಳಬೇಡ. ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ, ಅಷ್ಟೇ.

ಸಂಬಂಧ ಇರುವುದು ಅದರ ಪಕ್ಕದಲ್ಲೇ ಇದೆ. ಅದೇ ಕಣಿವೆಯಲ್ಲಿ ಮೆಟ್‌ಮನ್ ಊರಿನಿಂದ ಬರುವ ಹಳ್ಳ ಡ್ಯೂಸೆಲ್‌ಗೆ ಸೇರುತ್ತದೆ. ಅದು ಬರೀ ಹೊಲದ ನೀರಲ್ಲ. ಛಾವಣಿ, ರಸ್ತೆ, ಪಾರ್ಕಿಂಗ್ ಜಾಗಗಳ ನೀರು. ಹುಲ್ಲಿನ ಮೇಲೆ ಬಿದ್ದ ಮಳೆ ಹಳ್ಳ ತಲುಪಲು ತಡ ಮಾಡುತ್ತದೆ, ಡಾಂಬರಿನ ಮೇಲೆ ಬಿದ್ದದ್ದು ಬೇಗ ಬರುತ್ತದೆ. ಹಾನ್‌ನಲ್ಲಿ ಕಚೇರಿ ಇರುವ ಬೆರ್ಗಿಶ್-ರೈನಿಶ್ ಜಲಮಂಡಳಿಯವರು ಈ ಹಳ್ಳಗಳನ್ನು ನೋಡಿಕೊಳ್ಳುತ್ತಾರೆ. ಮಳೆನೀರು ತಡೆದು ನಿಧಾನಕ್ಕೆ ಬಿಡಲು ಅಲ್ಲಲ್ಲಿ ಹೊಂಡ ಕಟ್ಟಿದ್ದಾರೆ. ಕೆಲಸ ಅಚ್ಚುಕಟ್ಟು, ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಯಾವ ಹೊಂಡಕ್ಕೂ ಒಂದು ಅಳತೆ ಇರುತ್ತದೆ, ಮಳೆಗೆ ಇರುವುದಿಲ್ಲ.

2021ರ ಜುಲೈ 14 ನಿನಗೆ ಗೊತ್ತಿಲ್ಲ, ಆಗ ನೀನು ಬೆಂಗಳೂರಿನಲ್ಲಿದ್ದೆ. ಜರ್ಮನಿಯಲ್ಲಿ 180ಕ್ಕೂ ಹೆಚ್ಚು ಜನ ಸತ್ತ ಪ್ರವಾಹ ಅದು. ಟಿವಿಯಲ್ಲಿ ಆರ್ ಅನ್ನುವ ನದಿಯ ಕಣಿವೆಯನ್ನೇ ತೋರಿಸಿದರು. ಆದರೆ ಅದೇ ಮಳೆಗೆ ಡ್ಯೂಸೆಲ್ ಕೂಡ ದಡ ಮೀರಿತ್ತು. ನೀನು ಮನೆ ನೋಡಿರುವ ಎರ್ಕ್‌ರಾಟ್‌ನಲ್ಲಿ ನೀರು ನುಗ್ಗಿತು. ಅದರ ಕೆಳಗಿನ ಗೆರೆಸ್‌ಹೈಮ್ ಕಡೆ ಜನರನ್ನು ಮನೆಗಳಿಂದ ಬಿಡಿಸಿ ಕರೆದೊಯ್ಯಬೇಕಾಯಿತು. ಈ ಪುಟ್ಟ ಹಳ್ಳದಿಂದಲೇ!

ಗೆರೆಸ್‌ಹೈಮ್ ಆದಮೇಲೆ ನೀರನ್ನು ಉತ್ತರದ ಕವಲು, ದಕ್ಷಿಣದ ಕವಲು ಅಂತ ಹಂಚುತ್ತಾರೆ. ಅವುಗಳಿಂದ ಇನ್ನೂ ಎರಡು ಕವಲು ಒಡೆದು, ಒಟ್ಟು ನಾಲ್ಕು ಬಾಯಲ್ಲಿ ರೈನ್ ಸೇರುತ್ತದೆ. ನೀನು ಶಾಪಿಂಗ್‌ಗೆ ಹೋಗುವ ಕ್ಯೋನಿಗ್ಸ್ ಆಲೇಯ ನಡುವಿನ ಕಾಲುವೆಯಲ್ಲಿರುವುದೂ ಡ್ಯೂಸೆಲ್ ನೀರೇ. ಡ್ಯೂಸೆಲ್‌ಡಾರ್ಫ್ ನಗರದಲ್ಲಿ ಎಷ್ಟೋ ಕಡೆ ಅದು ರಸ್ತೆಯ ಅಡಿಯಲ್ಲೇ ಹರಿಯುತ್ತದೆ. 1288ರಲ್ಲಿ ಪಟ್ಟಣದ ಹಕ್ಕು ಪಡೆದ ಊರು, ತನಗೆ ಹೆಸರು ಕೊಟ್ಟ ಹಳ್ಳವನ್ನೇ ಮುಚ್ಚಿಟ್ಟಿದೆ. ಉತ್ತರದ ಒಂದು ಕವಲಿಗೆ ಕಿಟ್ಟೆಲ್‌ಬಾಖ್ ಅಂತ ಹೆಸರು. ಬೋರ್ಡು ಓದಿ ನನಗೆ ನಗು ಬಂತು. ನಮ್ಮ ನಿಘಂಟಿನ ಕಿಟ್ಟೆಲ್ ಸಾಹೇಬರಿಗೂ ಅದಕ್ಕೂ ಏನೂ ಸಂಬಂಧವಿಲ್ಲ, ಅವರು ಬಡಗಣ ಸಮುದ್ರದ ಕಡೆಯವರು. ಆದರೂ ಫೋಟೋ ತೆಗೆದುಕೊಂಡೆ.

ಈಗ ಮನೆಯ ಮಾತು. ಬೇಡ ಅಂತ ನಾನು ಹೇಳುತ್ತಿಲ್ಲ. ನೋಡಿ ತಗೋ ಅಂತ ಹೇಳುತ್ತಿದ್ದೇನೆ. ಅಲ್ಲಿನ ರಾಜ್ಯ ಸರ್ಕಾರ ಪ್ರವಾಹದ ನಕ್ಷೆಗಳನ್ನು ಎಲ್ಲರಿಗೂ ಕಾಣುವ ಹಾಗೆ ನೆಟ್‌ನಲ್ಲಿ ಇಟ್ಟಿದೆ. ಮೂರು ಬಗೆ ಇರುತ್ತವೆ: ಆಗಾಗ ಬರುವ ಪ್ರವಾಹ, ನೂರು ವರ್ಷದ ಪ್ರವಾಹ, ವಿಪರೀತದ್ದು. ನೂರು ವರ್ಷದ್ದು ಅಂದರೆ ನೂರು ವರ್ಷಕ್ಕೊಮ್ಮೆ ಬರುತ್ತದೆ ಅಂತ ಅಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದು ಪಾಲು ಸಾಧ್ಯತೆ ಅಂತ. ನೀವು 30 ವರ್ಷದ ಸಾಲ ಮಾಡುತ್ತಿದ್ದೀರಿ ಅಲ್ವಾ? ಲೆಕ್ಕ ಹಾಕಿದರೆ ಸಾಲ ತೀರುವುದರೊಳಗೆ ಅಂಥದ್ದು ಒಮ್ಮೆಯಾದರೂ ಬರುವ ಸಾಧ್ಯತೆ ಶೇಕಡಾ 26. ನಾಲ್ಕರಲ್ಲಿ ಒಂದು. ಬ್ರೋಕರ್ ಇದನ್ನು ಹೇಳುವುದಿಲ್ಲ.

ಜೋರು ಮಳೆಯ ನಕ್ಷೆ ಬೇರೆ ಇದೆ, ಅದನ್ನೂ ನೋಡು. ಹಳ್ಳ ಉಕ್ಕದೆಯೂ ಮೇಲಿನ ರಸ್ತೆಯ ನೀರು ಇಳಿದು ಮನೆಗೆ ಬರಬಹುದು. ನೆಲಮಾಳಿಗೆಯಲ್ಲಿ ಬಾಯ್ಲರ್ ಇದೆಯಾ, ಕರೆಂಟ್ ಬೋರ್ಡು ಎಷ್ಟು ಎತ್ತರದಲ್ಲಿದೆ, ಚರಂಡಿ ನೀರು ಹಿಂದಕ್ಕೆ ನುಗ್ಗದ ಹಾಗೆ ವಾಲ್ವ್ ಹಾಕಿದ್ದಾರಾ ಅಂತ ಅಳಿಯಂದಿರಿಗೆ ನೋಡಲು ಹೇಳು. ಗೋಡೆಗೆ ಹೊಸ ಬಣ್ಣ ಹೊಡೆದಿದ್ದರೆ ಮೂಲೆಯಲ್ಲಿ ಸ್ವಲ್ಪ ಕೆರೆದು ನೋಡಲಿ. ಅಲ್ಲಿನ ಸಾಮಾನ್ಯ ಮನೆ ವಿಮೆಯಲ್ಲಿ ಪ್ರವಾಹ ಸೇರಿರುವುದಿಲ್ಲ, ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಈ ವಿಳಾಸಕ್ಕೆ ಅದನ್ನು ಕೊಡುತ್ತಾರಾ, ಎಷ್ಟು ಕಂತು ಕೇಳುತ್ತಾರೆ ಅಂತ ಮೊದಲೇ ವಿಚಾರಿಸು. ವಿಮೆಯವರು ಹಿಂದೆಮುಂದೆ ನೋಡಿದರೆ ನೀವೂ ನೋಡಿ.

ಇನ್ನೊಂದು. ಪಕ್ಕದ ಮನೆಯಲ್ಲಿ ವಯಸ್ಸಾದ ಅಜ್ಜಿ ಇದ್ದಾರೆ ಅಂತ ಬರೆದಿದ್ದೀಯಲ್ಲ. ನೋಟರಿ ಹತ್ತಿರ ಹೋಗುವ ಮೊದಲು ಅವರನ್ನು ಮಾತಾಡಿಸು. 2021ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳು, ಕೈ ಮಾಡಿ ತೋರಿಸಲು ಹೇಳು. ತೋರಿಸಿದ ಜಾಗವನ್ನು ಅಳೆದು ನನಗೆ ಕಳಿಸು, ಸೆಂಟಿಮೀಟರ್‌ನಲ್ಲಿ. ಮನೆಯ ಹೊಸ್ತಿಲು ಹಳ್ಳದ ನೀರಿನ ಮಟ್ಟಕ್ಕಿಂತ ಎಷ್ಟು ಮೇಲಿದೆ ಅನ್ನುವುದೂ ಬೇಕು. ಎರಡೂ ಬಂದ ಮೇಲೆ ಫೋನಿನಲ್ಲಿ ಮಾತಾಡೋಣ.

ಇಬ್ಬರಿಗೂ ಆಶೀರ್ವಾದಗಳು.

ನಿನ್ನ
ಅಪ್ಪ