ಮರೆವಿನ ಭಯ ಹುಟ್ಟಿಸಿ ಡಬ್ಬಿ ಮಾರಾಟ

ಮಾನ್ಯರೇ,

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಡೆದ ‘ನೆನಪಿನ ಶಕ್ತಿ ಶಿಬಿರ’ದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿದೆ. ದೀಪ ಹಚ್ಚಿದ್ದು, ಶಾಲು ಹೊದಿಸಿದ್ದು ಎಲ್ಲ ಇದೆ. ಕೊನೆಗೆ ಟೇಬಲ್ ಹಾಕಿ ‘ನೆನಪಿನ ಶಕ್ತಿಗೆ’ ಎಂದು ಡಬ್ಬಿ ಮಾರಿದ್ದು ಮಾತ್ರ ಇಲ್ಲ. ಉಚಿತ ತಪಾಸಣೆಯಂತೆ. ಎಂಥ ತಪಾಸಣೆ? ನಿನ್ನೆ ರಾತ್ರಿ ಏನು ಊಟ ಮಾಡಿದಿರಿ ಅಂತ ಕೇಳುವುದು. ವಯಸ್ಸಾದವರು ಸ್ವಲ್ಪ ತಡವರಿಸಿದರೆ ‘ಇದು ಮರೆವಿನ ಶುರು’ ಎಂದು ಹೆದರಿಸುವುದು.

ನಮ್ಮ ಅಮ್ಮ ಹೆದರಿ, ಪೆನ್ಶನ್ ಹಣ ಕೊಟ್ಟು ಮೂರು ತಿಂಗಳ ಕೋರ್ಸ್ ತಂದಿದ್ದಾರೆ. ಅವರು ಹೃದಯದ ವಾಲ್ವ್ ಆಪರೇಷನ್ ಆದವರು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತಗೊಳ್ಳುತ್ತಾರೆ. ಡಬ್ಬಿಯಲ್ಲಿ ಬ್ರಾಹ್ಮಿ, ಅಶ್ವಗಂಧದ ಜೊತೆ ಗಿಂಕ್ಗೊ ಎಂಬ ಮರದ ಎಲೆಯ ಸಾರ ಕೂಡ ಇದೆ. ವಾರ್ಫರಿನ್ ಜೊತೆ ಗಿಂಕ್ಗೊ ತಿಂದರೆ ರಕ್ತಸ್ರಾವದ ಅಪಾಯ ಜಾಸ್ತಿ ಆಗಬಹುದು. ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ ಅಮ್ಮಾ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಕೆಲಸಕ್ಕೆ ರಜೆ ಹಾಕಿ, ಸುರಿಯುವ ಮಳೆಯಲ್ಲಿ ಆಟೊ ಹಿಡಿದು, ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿದ್ದಾಯಿತು. ಡಬ್ಬಿ ವಾಪಸ್ ಕೊಡೋಣ ಎಂದರೆ ಭವನಕ್ಕೆ ಬೀಗ. ರಸೀತಿಯಲ್ಲಿರುವ ನಂಬರ್ ಸ್ವಿಚ್ ಆಫ್.

ಡಬ್ಬಿಯ ಹಿಂಬದಿ ಸಾಸಿವೆ ಕಾಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ‘ಔಷಧಿಯಾಗಿ ಬಳಸಲು ಅಲ್ಲ’ ಎಂದಿದೆ. ಇಂಥ ಆಹಾರ ಪೂರಕಗಳ ಮೇಲೆ ಹಾಗೆ ಬರೆಯಲೇಬೇಕು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2016ರಲ್ಲೇ ನಿಯಮ ಮಾಡಿದೆ. ಮೈಕಿನಲ್ಲಿ ಮಾತ್ರ ‘ಮರೆವು ಮಾಯ’ ಎಂಬ ಭಾಷಣ! ಅಮೆರಿಕದಲ್ಲಿ 75 ದಾಟಿದ 3,000ಕ್ಕೂ ಹೆಚ್ಚು ಜನರ ಮೇಲೆ ಗಿಂಕ್ಗೊ ಪರೀಕ್ಷೆ ವರ್ಷಗಟ್ಟಲೆ ನಡೆಯಿತು. ಅರ್ಧ ಜನಕ್ಕೆ ಗಿಂಕ್ಗೊ, ಉಳಿದವರಿಗೆ ಔಷಧಿಯೇ ಇಲ್ಲದ ಮಾತ್ರೆ. ಗಿಂಕ್ಗೊ ತಿಂದವರಲ್ಲಿ ಮರೆವಿನ ಕಾಯಿಲೆ ಕಡಿಮೆಯೇನೂ ಆಗಲಿಲ್ಲ ಎಂದು 2008ರಲ್ಲೇ ಪ್ರಕಟವಾಗಿದೆ. ಬಿ12 ಕೊರತೆಯಿಂದ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ. ಅದಕ್ಕೆ ರಕ್ತ ಪರೀಕ್ಷೆ ಇದೆ, ಚಿಕಿತ್ಸೆಯೂ ಇದೆ. ಡಬ್ಬಿ ನಂಬಿ ಕೂತವರಿಗೆ ಅದೂ ತಪ್ಪಿಹೋಗುತ್ತದೆ ಅಲ್ವಾ?

ಡಬ್ಬಿಯಲ್ಲಿ ಒಂದೆಲಗದ ಪುಡಿಯೂ ಇದೆಯಂತೆ. ನಮ್ಮ ಅಡಿಕೆ ತೋಟದ ಬಸಿಗಾಲುವೆ ಪಕ್ಕ ಅದು ಸುಮ್ನೆ ಬೆಳೆಯುತ್ತದೆ. ಮಜ್ಜಿಗೆ ಹಾಕಿ ತಂಬುಳಿ ಮಾಡಿದರೆ ಅಮ್ಮ ಎರಡು ತುತ್ತು ಜಾಸ್ತಿ ಉಣ್ಣುತ್ತಾರೆ. ಅದನ್ನೇ ಸಾವಿರಾರು ರೂಪಾಯಿಗೆ ಮಾರುವುದೆಂದರೆ ಏನು ಧೈರ್ಯ!

ದೂರು ಹೇಳಲು ಸರ್ಕಾರಿ ಕಚೇರಿಗೆ ಫೋನ್ ಮಾಡಿದರೆ ‘ಇದು ನಮಗೆ ಬರಲ್ಲ, ಬೇರೆ ವಿಭಾಗ ಕೇಳಿ’ ಎನ್ನುತ್ತಾರೆ. ಆ ವಿಭಾಗದವರು ‘ಲಿಖಿತ ದೂರು ಕೊಡಿ’ ಎನ್ನುತ್ತಾರೆ. ಚುರುಮುರಿ ಗಾಡಿಯವನ ಮೇಲೆ ಮುಗಿಬೀಳಲು ಇವರಿಗೆ ಯಾರ ದೂರೂ ಬೇಕಾಗುವುದಿಲ್ಲ. ನಮ್ಮ ರಸ್ತೆಯ ಚರಂಡಿಯ ಚಪ್ಪಡಿ ಮುರಿದು ಹೋಗಿ ಎಷ್ಟು ಕಾಲವಾಯಿತು? ಅದಕ್ಕೂ ಲಿಖಿತ ದೂರು ಕೊಟ್ಟಿದ್ದೆವು. ಆರೋಗ್ಯದ ವಿಷಯದಲ್ಲೂ ಇದೇ ಕಥೆ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಾಣಿಸಿಕೊಂಡಿದ್ದು. ಒಳ್ಳೆಯ ಲಸಿಕೆಗೆ ಕಾಡಂಚಿನ ಜನ ಇನ್ನೂ ಕಾಯುತ್ತಲೇ ಇದ್ದಾರೆ. ಮಲೆನಾಡಿನವರ ಆರೋಗ್ಯ ಎಂದರೆ ಇಷ್ಟು ಅಸಡ್ಡೆಯೇ?

ಇಂಥ ಶಿಬಿರಗಳಿಗೆ ಭವನ ಕೊಡುವುದನ್ನು ನಿಲ್ಲಿಸಬೇಕು. ಕೊಡುವುದೇ ಆದರೆ ಒಬ್ಬ ಸರ್ಕಾರಿ ಡಾಕ್ಟರಾದರೂ ಅಲ್ಲಿರಬೇಕು. ಹಿರಿಯರ ಹಣ ವಾಪಸ್ ಕೊಡಿಸಬೇಕು. ಸಂಬಂಧಪಟ್ಟವರು ಈಗಲಾದರೂ ಕುರ್ಚಿ ಬಿಟ್ಟು ಏಳಲಿ. ಸಂಬಳ ತಗೊಳ್ಳುವುದು ಯಾತಕ್ಕೆ?

– ನೊಂದ ಓದುಗ, ಶಿವಮೊಗ್ಗ