ಸಹಿ ಹಾಕಿದ 14 ಪುಟಗಳು

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ನೀನು ಮಲಗಿದ ಮೇಲೆ, ಮೇಜಿನ ಮೇಲೆ ಬಿಟ್ಟುಹೋಗಿದ್ದ ನಿನ್ನ ವಿದೇಶ ವ್ಯಾಸಂಗದ ನಡತೆ ನಿಯಮಾವಳಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಒಟ್ಟು 14 ಪುಟ. ಕೊನೆಯ ಪುಟದಲ್ಲಿ ನಿನ್ನ ಸಹಿ, ದಿನಾಂಕ ಎಲ್ಲವೂ ಸರಿಯಾಗಿವೆ. ಉಳಿದ ಪುಟಗಳ ಅಂಚು ಮಾತ್ರ ಯಾರ ಬೆರಳೂ ತಾಗದಷ್ಟು ಗರಿಗರಿಯಾಗಿತ್ತು. ನಡುವಿನ ಎರಡು ಹಾಳೆಗಳಂತೂ ಮುದ್ರಣಯಂತ್ರದಿಂದ ಹೊರಬಂದಾಗ ಹೇಗೆ ಅಂಟಿಕೊಂಡಿದ್ದವೋ ಹಾಗೆಯೇ ಇದ್ದವು. ಓದದೆ ಸಹಿ ಹಾಕಿದ್ದಕ್ಕೆ ಬೈಯಬೇಕೆಂದು ಮೊದಲು ಅನ್ನಿಸಿತು. ಆದರೆ ಬ್ಯಾಂಕಿನ ಕಾಗದಗಳಿಗೆ ನಾನು ಸಹಿ ಹಾಕುವ ರೀತಿ ನೆನಪಾಗಿ, ಬೈಗುಳವನ್ನು ಬಿಟ್ಟು ಪತ್ರ ಬರೆಯಲು ಕುಳಿತೆ.

ಆರು ವಾರ ಜರ್ಮನಿ, ಐದು ವಾರ ಸಿಂಗಪುರ, ಐದು ವಾರ ಜಪಾನ್ ಎಂದು ಮೂರು ದೇಶಗಳಲ್ಲಿ ಹಂಚಿಹೋಗಿರುವ ಸೆಮಿಸ್ಟರ್ ನಿನ್ನದು. ಹಾಗಾಗಿ ನಿನ್ನ ಮೇಲೆ ಏಕಕಾಲಕ್ಕೆ ಮೂರು ಬಗೆಯ ನಿಯಮಗಳು ಇರುತ್ತವೆ: ನೀನಿರುವ ದೇಶದ ಕಾನೂನು, ಅಲ್ಲಿ ನಿನಗೆ ಪಾಠ ಹೇಳುವ ವಿಶ್ವವಿದ್ಯಾಲಯದ ನಿಯಮ, ಮತ್ತು ನಿನ್ನನ್ನು ಕರೆದೊಯ್ಯುವ ಕಾರ್ಯಕ್ರಮದ ನಿಯಮ. ಈ ಮೂರರಲ್ಲಿ ಯಾವುದು ಹೆಚ್ಚು ಬಿಗಿಯಾಗಿದೆಯೋ ಅದೇ ನಿನಗೆ ಅನ್ವಯಿಸುತ್ತದೆ ಎಂದು ಎರಡನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. 'ಇಲ್ಲಿ ಇದು ಕಾನೂನುಬದ್ಧವೇ ಅಲ್ಲವೇ' ಎಂಬ ಒಂದೇ ಪ್ರಶ್ನೆ ಕೇಳಿಕೊಂಡು ಸುಮ್ಮನಾಗುವವರು ಎಡವುವುದು ಇಲ್ಲಿಯೇ.

ನಿನಗೀಗ 19 ವರ್ಷ. ಜರ್ಮನಿಯಲ್ಲಿ ಬಿಯರಿಗೂ ವೈನಿಗೂ 16 ವರ್ಷವಾದರೆ ಸಾಕು, ಕಟುಮದ್ಯಕ್ಕೆ 18 ಆಗಿರಬೇಕು. ಅಂದರೆ ಅಲ್ಲಿ ನಿನ್ನನ್ನು ತಡೆಯುವ ಕಾನೂನಿಲ್ಲ. ಸಿಂಗಪುರದಲ್ಲಿಯೂ 18 ತುಂಬಿದವರು ಕೊಳ್ಳಬಹುದು, ಆದರೆ ರಾತ್ರಿ 10.30ರಿಂದ ಬೆಳಿಗ್ಗೆ 7ರವರೆಗೆ ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದನ್ನು 2015ರಿಂದ ನಿಷೇಧಿಸಿದ್ದಾರೆ. ಜಪಾನಿನಲ್ಲಿ ಪ್ರಾಪ್ತ ವಯಸ್ಸನ್ನು 2022ರ ಏಪ್ರಿಲ್‌ನಲ್ಲಿ 20ರಿಂದ 18ಕ್ಕೆ ಇಳಿಸಿದರೂ ಮದ್ಯಕ್ಕೂ ತಂಬಾಕಿಗೂ 20ರ ಮಿತಿಯನ್ನು ಹಾಗೆಯೇ ಉಳಿಸಿಕೊಂಡರು. ಹುಡುಗಿ ಅವಳೇ, ಲೋಟವೂ ಅದೇ. ವಿಮಾನ ಇಳಿದ ನೆಲ ಬದಲಾದಂತೆ ಕಾನೂನು ಬದಲಾಗುತ್ತದೆ. ನೀನು ಕುಡಿಯುವುದಿಲ್ಲ ಎಂದು ನನಗೆ ಗೊತ್ತಿದೆ ಎಂದು ಬರೆದರೆ ನಿನಗೆ ಮುಜುಗರವಾದೀತು, ಗೊತ್ತಿಲ್ಲ ಎಂದು ಬರೆದರೆ ನನಗೆ ಕಷ್ಟವಾದೀತು. ಆದ್ದರಿಂದ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಗಾಂಜಾದ ವಿಷಯವನ್ನು ಮಾತ್ರ ಹೀಗೆ ಬಿಡಲಾರೆ. 2024ರ ಏಪ್ರಿಲ್ 1ರಿಂದ ಜರ್ಮನಿಯಲ್ಲಿ ವಯಸ್ಕರು ಹೊರಗಡೆ 25 ಗ್ರಾಂವರೆಗೆ ಇಟ್ಟುಕೊಳ್ಳುವುದು ಅಪರಾಧವಲ್ಲ, ಹಾಗಾಗಿ ಹಾಸ್ಟೆಲಿನಲ್ಲಿ ಅದು ಮುಚ್ಚುಮರೆಯಿಲ್ಲದೆ ನಿನ್ನ ಕಣ್ಣಿಗೆ ಬಿದ್ದರೂ ಬೀಳಬಹುದು. ಅಲ್ಲಿಂದ ನೀನು ನೇರವಾಗಿ ಹೋಗುವುದು ಸಿಂಗಪುರಕ್ಕೆ; 500 ಗ್ರಾಂಗಿಂತ ಹೆಚ್ಚು ಗಾಂಜಾ ಸಾಗಿಸಿದವರಿಗೆ ಮರಣದಂಡನೆ ವಿಧಿಸುವ ದೇಶ ಅದು, ಅದಕ್ಕಿಂತ ಕಡಿಮೆ ಪ್ರಮಾಣವೆಂದರೆ ಸಣ್ಣ ಅಪರಾಧವೆಂದು ಅಲ್ಲಿ ಯಾರೂ ತಿಳಿಯುವುದಿಲ್ಲ. ಜಪಾನಿನಲ್ಲಿ ಮೊದಲಿನಿಂದಲೂ ಇಟ್ಟುಕೊಳ್ಳುವುದು ಅಪರಾಧವಾಗಿತ್ತು, 2024ರ ಡಿಸೆಂಬರಿನಿಂದ ಸೇವಿಸುವುದೂ ಅಪರಾಧವಾಗಿದೆ. ಆದುದರಿಂದಲೇ ನಿನ್ನ ನಿಯಮಾವಳಿ ಜರ್ಮನಿಯನ್ನೂ ಸೇರಿಸಿ ಮೂರೂ ಕಡೆ ಸಂಪೂರ್ಣ ನಿಷೇಧ ಹೇರಿದೆ. ಈ ನಿಯಮ ಸರಿಯಾಗಿದೆ ಎಂದು ನನಗೆ ತೋರುತ್ತದೆ, ಏಕೆಂದರೆ ಯಾರದೋ ಬೆನ್ನುಚೀಲದ ಮೂಲೆಯಲ್ಲಿ ಮರೆತುಹೋದ ಒಂದು ಚಿಟಿಕೆ ಪುಡಿ ಗಡಿ ದಾಟುವಾಗ ಅದನ್ನು ಹೊತ್ತವರೇ ಅದರ ಒಡೆಯರಾಗುತ್ತಾರೆ. ಗೆಳತಿಯೊಬ್ಬಳು 'ನನ್ನ ಚೀಲದಲ್ಲಿ ಜಾಗವಿಲ್ಲ, ಇದನ್ನು ನಿನ್ನದರಲ್ಲಿ ಇಟ್ಟುಕೋ' ಎಂದರೆ, ಅವಳೆಷ್ಟೇ ಆಪ್ತಳಾಗಿರಲಿ, ಬೇಡ ಎನ್ನು. ಇ-ಸಿಗರೇಟಿಗೂ ಇದೇ ಮಾತು. ಸಿಂಗಪುರದಲ್ಲಿ ಅದನ್ನು ಸೇದುವುದಿರಲಿ, ಬಳಿಯಲ್ಲಿ ಇಟ್ಟುಕೊಳ್ಳುವುದೂ 2018ರಿಂದ ಅಪರಾಧ.

ಔಷಧದ ಡಬ್ಬಿಯನ್ನು ನಾವಿಬ್ಬರೂ ಕುಳಿತು ಒಮ್ಮೆ ನೋಡೋಣ. ವೈದ್ಯರ ಚೀಟಿಯ ಮೇರೆಗೆ ಕೊಂಡ ಮಾತ್ರೆಗಳನ್ನು ಜಪಾನಿಗೆ ಸಾಮಾನ್ಯವಾಗಿ ಒಂದು ತಿಂಗಳಿಗಾಗುವಷ್ಟು ಮಾತ್ರ ಒಯ್ಯಬಹುದು, ಹೆಚ್ಚು ಬೇಕಾದರೆ ಮುಂಚಿತವಾಗಿ ಅನುಮತಿ ಪಡೆಯಬೇಕು. ನೀನಿರುವುದು ಐದು ವಾರ. ಗಮನದ ಕೊರತೆಗೆಂದು ಬೇರೆ ದೇಶಗಳಲ್ಲಿ ವೈದ್ಯರೇ ಬರೆದುಕೊಡುವ ಆಂಫೆಟಮಿನ್ ಇರುವ ಮಾತ್ರೆಗಳಿಗೆ ಅಲ್ಲಿ ಚೀಟಿ ಇದ್ದರೂ ಪ್ರವೇಶವಿಲ್ಲ. ನಿನಗೆ ಅಂಥದ್ದು ಬೇಕಾಗಿಲ್ಲ, ನಿನ್ನ ತಂಡದಲ್ಲಿ ಯಾರಿಗಾದರೂ ಬೇಕಾಗಿರಬಹುದು, ಅವರಿಗೆ ಹೇಳು.

ಪಾಸ್‌ಪೋರ್ಟನ್ನು ಕೋಣೆಯ ಕಪಾಟಿನಲ್ಲಿ ಬೀಗ ಹಾಕಿ ಇಡು, ನಕಲು ಪ್ರತಿಯೊಂದನ್ನು ಜೊತೆಗಿಟ್ಟುಕೋ ಎಂದು ಎಲ್ಲರೂ ನಿನಗೆ ಹೇಳಿದ್ದಾರೆ. ಜಪಾನಿನಲ್ಲಿ ಅದು ನಡೆಯುವುದಿಲ್ಲ. ಅಲ್ಪಾವಧಿಗೆ ಬಂದ ವಿದೇಶಿಯರು ಮೂಲ ಪಾಸ್‌ಪೋರ್ಟನ್ನು ಸದಾ ಜೊತೆಗಿಟ್ಟುಕೊಂಡಿರಬೇಕೆಂಬುದು ಅಲ್ಲಿನ ಕಾನೂನು. ಪೊಲೀಸರು ಕೇಳಿದಾಗ 'ಕೋಣೆಯಲ್ಲಿದೆ' ಎಂಬ ಉತ್ತರ ಸಾಲದು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಾಡಿಗೆ ಸ್ಕೂಟರನ್ನಾಗಲಿ ಕಾರನ್ನಾಗಲಿ ಓಡಿಸುವಂತಿಲ್ಲ. ತರಗತಿಗೆ ತಪ್ಪದೆ ಹಾಜರಾಗಬೇಕು, ಬೇರೆಯವರ ಬರಹವನ್ನು ನಿನ್ನದೆಂದು ಒಪ್ಪಿಸಬಾರದು. ಜರ್ಮನಿಯ ಹಾಸ್ಟೆಲುಗಳಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡಬಾರದು, ಭಾನುವಾರ ಇಡೀ ದಿನ ಹಾಗೆಯೇ. ನೀನು ಕುರ್ಚಿ ಎಳೆಯುವ ರೀತಿಯನ್ನು ಬಲ್ಲವಳಾದ ನಾನು ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಅಲ್ಲಿ ನಾಜಿ ಚಿಹ್ನೆಗಳನ್ನೂ ಸೆಲ್ಯೂಟನ್ನೂ ಸಾರ್ವಜನಿಕವಾಗಿ ತೋರುವುದಕ್ಕೆ ಮೂರು ವರ್ಷದವರೆಗೆ ಜೈಲುಶಿಕ್ಷೆಯಿದೆ, ಫೋಟೋಗಾಗಿ ತಮಾಷೆಗೆ ಕೈ ಎತ್ತಿದೆ ಎಂಬ ಸಮಜಾಯಿಷಿ ಅಲ್ಲಿನ ಪೊಲೀಸರಿಗೆ ತಮಾಷೆಯಾಗಿ ಕಾಣುವುದಿಲ್ಲ. ಸಿಂಗಪುರದ ಮೆಟ್ರೋದಲ್ಲಿ ಏನನ್ನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, 500 ಸಿಂಗಪುರ ಡಾಲರ್‌ವರೆಗೆ ದಂಡವಿದೆ. ಅಲ್ಲಿ ಅನುಮತಿಯಿಲ್ಲದೆ ವಿದೇಶಿಯರು ಪ್ರತಿಭಟನಾ ಸಭೆಗಳಲ್ಲಿ ಸೇರಿಕೊಳ್ಳುವುದೂ ಅಪರಾಧ. ನ್ಯಾಯದ ಪರ ಗುಂಪು ನಿಂತಿದ್ದರೆ ನೀನೂ ಹೋಗಿ ನಿಲ್ಲುವವಳು, ಆ ಐದು ವಾರ ದೂರದಿಂದಲೇ ನೋಡು.

ಎಂಟನೆಯ ಪುಟದಲ್ಲಿರುವ ಒಂದು ವಾಕ್ಯ ನನಗೆ ಹಿಡಿಸಲಿಲ್ಲ. 'ಕಾರ್ಯಕ್ರಮದ ಹೆಸರಿಗೆ ಕುಂದು ತರುವ ಯಾವುದೇ ವರ್ತನೆ' ಎಂದು ಬರೆದಿದ್ದಾರೆ. ಯಾವುದು ಕುಂದು, ಅದನ್ನು ಯಾರು ನಿರ್ಧರಿಸುತ್ತಾರೆ ಎಂಬುದಿಲ್ಲ. ಇಂಥ ಜೊಳ್ಳು ಮಾತಿಗೆ ಸಹಿ ಹಾಕಿರುವಾಗ, ಆರೋಪ ಬಂದರೆ ಏನಾಗುತ್ತದೆ ಎಂಬುದಾದರೂ ನಿನಗೆ ತಿಳಿದಿರಬೇಕು. ಮೊದಲು ಮೌಖಿಕ ಎಚ್ಚರಿಕೆ, ನಂತರ ಲಿಖಿತ ಎಚ್ಚರಿಕೆ, ಕೊನೆಗೆ ಕಾರ್ಯಕ್ರಮದಿಂದ ಹೊರಗೆ ಎಂಬ ಮೆಟ್ಟಿಲುಗಳಿವೆ, ಆದರೆ ತಪ್ಪು ಗಂಭೀರವೆನಿಸಿದರೆ ನೇರವಾಗಿ ಕೊನೆಯ ಮೆಟ್ಟಿಲಿಗೇ ಹೋಗಬಹುದೆಂದೂ ಇದೆ. ಹೊರಗೆ ಹಾಕಿದರೆ ಕಟ್ಟಿದ ಶುಲ್ಕ ಹಿಂದಿರುಗಿ ಬರುವುದಿಲ್ಲ, ಆ ಸೆಮಿಸ್ಟರಿನ ಕ್ರೆಡಿಟ್‌ಗಳು ಸಿಗುವುದಿಲ್ಲ, ಮರಳಿ ಬರುವ ಟಿಕೆಟ್ಟಿನ ಹಣ ನಮ್ಮದೇ. ನಿರ್ಧಾರಕ್ಕೆ ಮುಂಚೆ ನಿನ್ನ ಹೇಳಿಕೆಯನ್ನು ಕೇಳಬೇಕು, ನಿರ್ಧಾರದ ವಿರುದ್ಧ ಐದು ದಿನಗಳೊಳಗೆ ಲಿಖಿತ ಮೇಲ್ಮನವಿ ಸಲ್ಲಿಸಬಹುದು ಎಂಬ ಎರಡು ಸಾಲುಗಳು ಮಾತ್ರ ನಿನ್ನ ಪರವಾಗಿವೆ, ಅವನ್ನು ಮರೆಯಬೇಡ. ಕಾರ್ಯಕ್ರಮದವರ ಈ ವಿಚಾರಣೆಗೂ ಪೊಲೀಸರ ವಿಚಾರಣೆಗೂ ಸಂಬಂಧವಿಲ್ಲ. ಪೊಲೀಸರು ಹಿಡಿದರೆ ಸಂಯೋಜಕಿ ಬಂದು ಬಿಡಿಸಲಾರರು. ಜಪಾನಿನಲ್ಲಿ ದೋಷಾರೋಪ ಸಲ್ಲಿಸುವ ಮೊದಲೇ 23 ದಿನಗಳವರೆಗೆ ಬಂಧನದಲ್ಲಿಡಲು ಅವಕಾಶವಿದೆ. 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿಯ ಪ್ರಕಾರ, ಬಂಧಿತಳಾದ ವಿದೇಶಿ ಪ್ರಜೆ ಕೇಳಿಕೊಂಡರೆ ಆಕೆಯ ದೇಶದ ದೂತಾವಾಸಕ್ಕೆ ತಡಮಾಡದೆ ತಿಳಿಸಬೇಕು, ಹಾಗೆ ಕೇಳುವ ಹಕ್ಕಿದೆ ಎಂಬುದನ್ನೂ ಆಕೆಗೆ ಹೇಳಬೇಕು. ದೂತಾವಾಸದವರು ನಿನ್ನನ್ನು ಬಂದು ನೋಡಬಹುದು, ವಕೀಲರ ಪಟ್ಟಿ ಕೊಡಬಹುದು, ನಮಗೆ ಸುದ್ದಿ ಮುಟ್ಟಿಸಬಹುದು. ಅದಕ್ಕಿಂತ ಹೆಚ್ಚಿನದನ್ನು ಅವರಿಂದ ನಿರೀಕ್ಷಿಸಬೇಡ.

ಇಷ್ಟೆಲ್ಲ ಓದುವಾಗ ನನ್ನ ಕಣ್ಣು ಹುಡುಕುತ್ತಿದ್ದದ್ದು ಬೇರೊಂದು ನಿಯಮವನ್ನು. ಅದೇಕೆ ಎಂದು ಹೇಳಲು, ನಿನಗೆ ಇದುವರೆಗೆ ಹೇಳದ ಒಂದು ಸಂಗತಿಯನ್ನು ಹೇಳಬೇಕು.

ನಾನು 22 ವರ್ಷದವಳಿದ್ದಾಗ ಮೂರು ತಿಂಗಳ ತರಬೇತಿಗೆಂದು ಹೊರದೇಶಕ್ಕೆ ಹೋಗಿದ್ದು ನಿನಗೆ ಗೊತ್ತು. ಆ ಫೋಟೋಗಳಲ್ಲಿ ನಾವು ಐವರು ಹುಡುಗಿಯರು ಯಾವಾಗಲೂ ನಗುತ್ತಲೇ ಇರುತ್ತೇವೆ. ಅಲ್ಲಿ ರಾತ್ರಿ ಹತ್ತರ ನಂತರ ವಸತಿಗೃಹದಿಂದ ಹೊರಗಿರಬಾರದು, ಇದ್ದರೆ ಮರುದಿನವೇ ಮನೆಗೆ ಕಳುಹಿಸುತ್ತೇವೆ ಎಂದು ಮೊದಲ ದಿನವೇ ಹೆದರಿಸಿದ್ದರು. ಒಂದು ಶನಿವಾರ ನಾವು ಹನ್ನೊಂದೂವರೆಗೆ ಮರಳಿ, ಹಿಂಬದಿಯ ತಗ್ಗು ಗೋಡೆ ಹತ್ತಿ ಒಳಗೆ ಇಳಿದೆವು. ಕೊನೆಯವಳು ಇಳಿಯುವಾಗ ಕಾಲು ಮಡಚಿ ಬಿದ್ದಳು. ಕೋಣೆಗೆ ಎತ್ತಿಕೊಂಡು ಬಂದು ಶೂ ಬಿಚ್ಚಲು ಹೋದರೆ ಬರಲಿಲ್ಲ. ಲೇಸನ್ನು ಕತ್ತರಿಯಿಂದ ಕತ್ತರಿಸಬೇಕಾಯಿತು. ಕಣಕಾಲು ನಮ್ಮ ಕಣ್ಣೆದುರೇ ಊದಿ ನೀಲಿಗಟ್ಟುತ್ತಿತ್ತು. ಫೋನು ಕೆಳಗಿನ ಮಹಡಿಯಲ್ಲಿತ್ತು, ಮೇಲ್ವಿಚಾರಕಿಯ ಕೋಣೆ ಅದರ ಪಕ್ಕದಲ್ಲಿತ್ತು, ನಾವು ಮೆಟ್ಟಿಲ ತುದಿಯವರೆಗೂ ಹೋಗಿ ವಾಪಸು ಬಂದೆವು. ರಾತ್ರಿಯಿಡೀ ಸರದಿಯ ಮೇಲೆ ಒದ್ದೆ ಟವಲು ಹಾಕಿದೆವು, ಅವಳು ದಿಂಬು ಕಚ್ಚಿಕೊಂಡು ಅತ್ತಳು. ಬೆಳಿಗ್ಗೆ, ಸ್ನಾನದ ಮನೆಯಲ್ಲಿ ಜಾರಿ ಬಿದ್ದಳು ಎಂದು ವರದಿ ಮಾಡಿದೆವು. ವೈದ್ಯರು ಕಾಲನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು, 'ಯಾವಾಗ ಬಿದ್ದದ್ದು?' ಎಂದು ಎರಡು ಸಲ ಕೇಳಿದರು. ನಾನೇ ಉತ್ತರ ಕೊಟ್ಟೆ, ಎರಡು ಸಲವೂ ಸುಳ್ಳು ಹೇಳಿದೆ. ಮೂಳೆ ಮುರಿದಿತ್ತು. ಅವಳು ಈಗಲೂ ಮೆಟ್ಟಿಲಿಳಿಯುವಾಗ ಮೊದಲು ಎಡಗಾಲನ್ನೇ ಕೆಳಗಿಡುತ್ತಾಳೆ. ಆ ರಾತ್ರಿಯ ವಿಳಂಬದಿಂದ ಎಷ್ಟು ಹಾನಿಯಾಯಿತು ಎಂದು ಯಾರನ್ನೂ ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೊತ್ತು ಮೀರಿದ್ದು ನಮ್ಮ ತಪ್ಪೇ ಸರಿ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿಯಮ ಮುರಿದವರು ನೆರವು ಕೇಳಲು ಹೆದರುವಂತೆ ಮಾಡುವ ನಿಯಮಾವಳಿ ಅರ್ಧವೇ ಬರೆದ ನಿಯಮಾವಳಿ ಎಂದು ಅಂದಿನಿಂದ ನನಗೆ ಅನ್ನಿಸಿದೆ. ನಿನ್ನದರಲ್ಲಿ ಆ ಉಳಿದರ್ಧ ಇದೆಯೇ ಎಂದು ಹುಡುಕುತ್ತಾ ಹೋದೆ, ಇತ್ತು. ಅಂಟಿಕೊಂಡಿದ್ದ ಆ ಎರಡು ಹಾಳೆಗಳನ್ನು ಉಗುರಿನಿಂದ ಬಿಡಿಸಿದಾಗ ಒಳಗಡೆ, ಹತ್ತನೆಯ ಪುಟದಲ್ಲಿ ಸಿಕ್ಕಿತು: ಅಪಾಯದಲ್ಲಿರುವಾಗ ನೆರವು ಕೋರಿದ ವಿದ್ಯಾರ್ಥಿಯ ಮೇಲೆ, ಆ ಹೊತ್ತಿನಲ್ಲಿ ಮದ್ಯ ಸೇವಿಸಿದ್ದಕ್ಕಾಗಲಿ ಸಮಯ ಮೀರಿದ್ದಕ್ಕಾಗಲಿ ಶಿಸ್ತುಕ್ರಮ ಜರುಗಿಸುವುದಿಲ್ಲ. ಲೈಂಗಿಕ ಕಿರುಕುಳದ ದೂರು ಕೊಡುವವರಿಗೂ ಇದೇ ರಕ್ಷಣೆ ಇದೆ. ನೀನು ಎಲ್ಲಿದ್ದೆ, ಏಕೆ ಹೋದೆ, ಎಷ್ಟು ಕುಡಿದಿದ್ದೆ ಎಂಬ ಪ್ರಶ್ನೆಗಳನ್ನು ಆ ಹೊತ್ತಿನಲ್ಲಿ ನಾನೂ ನಿನ್ನ ಅಪ್ಪನೂ ಕೇಳುವುದಿಲ್ಲ. ಆಮೇಲೆ ಎಂದೋ ಒಂದು ದಿನ ಕೇಳಿಯೇವು, ಅದು ಬೇರೆ ಮಾತು.

ಒಂದು ಪುಟ್ಟ ಕಾಗದದಲ್ಲಿ ಈ ಸಂಖ್ಯೆಗಳನ್ನು ಬರೆದು ನಿನ್ನ ಪಾಸ್‌ಪೋರ್ಟಿನ ಹೊದಿಕೆಯೊಳಗೆ ಇಟ್ಟಿದ್ದೇನೆ. ಆಂಬುಲೆನ್ಸಿಗೆ ಜರ್ಮನಿಯಲ್ಲಿ 112, ಸಿಂಗಪುರದಲ್ಲಿ 995, ಜಪಾನಿನಲ್ಲಿ 119. ಪೊಲೀಸರಿಗೆ ಜರ್ಮನಿಯಲ್ಲೂ ಜಪಾನಿನಲ್ಲೂ 110, ಸಿಂಗಪುರದಲ್ಲಿ 999. ಅದರ ಕೆಳಗೆ ನಿಮ್ಮ ಸಂಯೋಜಕಿಯ ಸಂಖ್ಯೆ, ಅದರ ಕೆಳಗೆ ನಮ್ಮದು. ಫೋನು ಕಳೆದುಹೋದಾಗ ಫೋನಿನೊಳಗಿನ ಸಂಖ್ಯೆಗಳಿಂದ ಉಪಯೋಗವಿಲ್ಲ, ಆದ್ದರಿಂದ ಕಾಗದವೇ ಇರಲಿ.

ಇನ್ನೊಂದು ಕೆಲಸ ಬಾಕಿಯಿದೆ. ಹತ್ತನೆಯ ಪುಟದ ಆ ವಾಕ್ಯದಲ್ಲಿ 'ನೆರವು ಕೋರಿದ ವಿದ್ಯಾರ್ಥಿ' ಎಂದಷ್ಟೇ ಇದೆ. ಒಬ್ಬಳು ಬಿದ್ದಿದ್ದಾಳೆ, ಇನ್ನೊಬ್ಬಳು ಅವಳಿಗಾಗಿ ಫೋನು ಮಾಡುತ್ತಾಳೆ ಎಂದಿಟ್ಟುಕೋ. ರಕ್ಷಣೆ ಫೋನು ಮಾಡಿದವಳಿಗೆ ಮಾತ್ರವೋ, ಬಿದ್ದವಳಿಗೂ ಇದೆಯೋ, ಸುತ್ತ ನಿಂತ ಉಳಿದ ಮೂವರ ಗತಿಯೇನು ಎಂಬುದು ಸ್ಪಷ್ಟವಿಲ್ಲ. ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. ಗುರುವಾರದ ಪೂರ್ವಸಿದ್ಧತಾ ಸಭೆಯಲ್ಲಿ ಎಲ್ಲರೆದುರು ಎದ್ದುನಿಂತು ಇದನ್ನು ಕೇಳು. ಉತ್ತರವನ್ನು ಇಮೇಲಿನಲ್ಲಿ ಬರೆದು ಕಳುಹಿಸುವಂತೆ ವಿನಂತಿಸಿಕೊ, ಬಂದ ಮೇಲೆ ನನಗೂ ಒಂದು ಪ್ರತಿ ಕಳುಹಿಸು.

ಇಂತಿ ನಿನ್ನ ಪ್ರೀತಿಯ,
ಅಮ್ಮ