ಹೊಗೆ ಹಿಡಿದ, ನಾಯಿ ಬೆಕ್ಕು ಗಲೀಜು ಮಾಡಿದ ಕಾರುಗಳ ಕೆಲಸದ ಬಗ್ಗೆ ನಮ್ಮ ಗ್ರಾಹಕರಿಗೆ

ಆತ್ಮೀಯ ಗ್ರಾಹಕರಿಗೆ ಶರಣು ಶರಣಾರ್ಥಿ.

ಸಿಗರೇಟು, ಬೀಡಿಯ ಹೊಗೆ ಕುಡಿದ ಕಾರುಗಳನ್ನೂ, ನಾಯಿ ಬೆಕ್ಕುಗಳು ಗಲೀಜು ಮಾಡಿದ ಕಾರುಗಳನ್ನೂ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಾವು ಒಂದೇ ದಿನದಲ್ಲಿ ಮುಗಿಸಿ ಕೊಡುವುದಿಲ್ಲ. ಬೇಸಿಗೆಯಲ್ಲಿ ಎರಡು ದಿನ, ಮಳೆಗಾಲದಲ್ಲಿ ಮೂರು ದಿನ ಕಾರು ನಮ್ಮಲ್ಲಿ ಇರಬೇಕಾಗುತ್ತದೆ. ದರವೂ ಏರುತ್ತದೆ. ಕೊನೆಗೆ ಹೊಡೆಯುತ್ತಿದ್ದ ಸುಗಂಧವನ್ನೂ, ವಾಸನೆ ಕಳೆಯಲು ಓಝೋನ್ ಎಂಬ ಅನಿಲ ಬಿಡುವ ಯಂತ್ರವನ್ನೂ ಪೂರ್ತಿ ನಿಲ್ಲಿಸುತ್ತಿದ್ದೇವೆ. ಬೆಳಿಗ್ಗೆ ಬಿಟ್ಟ ಕಾರನ್ನು ಸಂಜೆಗೆ ಕೊಡುತ್ತಿದ್ದವರು ಈಗೇಕೆ ಹೀಗೆ ಎಂದು ಕೇಳುವ ಹಕ್ಕು ನಿಮಗಿದೆ.

ಕಳೆದ ಏಪ್ರಿಲ್‌ನಲ್ಲಿ ಆಳಂದ ರಸ್ತೆಯ ಕಡೆಯ ಒಂದು ಮನೆಯವರು ಹಳೆಯ ಕಾರು ಕೊಂಡು ನಮ್ಮಲ್ಲಿಗೆ ತಂದರು. ಅದರ ಹಿಂದಿನ ಮಾಲೀಕರು ಕಾರಿನಲ್ಲಿ ಕುಳಿತೇ ಸೇದುತ್ತಿದ್ದವರು. ನಾವು ರೂಢಿಯಂತೆ ವ್ಯಾಕ್ಯೂಮ್ ಹಾಕಿ, ಸೀಟಿಗೆ ಶಾಂಪೂ ಉಜ್ಜಿ, ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಚ್ಚಿ, ಅರ್ಧ ಗಂಟೆ ಓಝೋನ್ ಬಿಟ್ಟು, ಮಲ್ಲಿಗೆಯ ಸುಗಂಧ ಹೊಡೆದು ಸಂಜೆ ಕೀಲಿ ಕೊಟ್ಟೆವು. ಮೂರನೇ ದಿನ ಮಧ್ಯಾಹ್ನ ಎರಡು ಗಂಟೆಗೆ ಅದೇ ಕಾರು ಅಂಗಡಿಯ ಮುಂದೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಅವರ ತಾಯಿ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಕುಳಿತಿದ್ದರು. ಆ ತಾಯಿಗೆ ಉಬ್ಬಸ. "ಹೂವಿನ ವಾಸನೆ ಹೋಯಿತಪ್ಪಾ, ಹೊಗೆಯದು ಹಾಗೆಯೇ ಇದೆ ನೋಡು" ಎಂದರು. ಬೈಯಲಿಲ್ಲ.

ನಾನು ಬಿಳಿ ಅರಿವೆಯೊಂದನ್ನು ಒದ್ದೆ ಮಾಡಿ ಮುಂದಿನ ಗಾಜಿನ ಒಳಮೈಯನ್ನು ಮೂಲೆಯಲ್ಲಿ ಒರೆಸಿದೆ. ಅರಿವೆ ಚಹಾ ಸೋಸಿದ ಹಾಗಾಯಿತು. ಗ್ಲೋವ್ ಬಾಕ್ಸ್ ಬಿಚ್ಚಿ ಎ.ಸಿ. ಫಿಲ್ಟರ್ ಎಳೆದರೆ, ನಮ್ಮ ಎರೆಮಣ್ಣಿನ ಧೂಳು ಜಿಗಟಿನಲ್ಲಿ ಕಲಸಿ ಗಟ್ಟಿಯಾಗಿ ಕೂತಿತ್ತು. ಎರಡು ದಿನದ ಹಿಂದೆ ನಾವೇ ತೊಳೆದು ಕೊಟ್ಟ ಕಾರು ಅದು. ಹಣ ಹಿಂತಿರುಗಿಸಿ ಕೆಲಸವನ್ನು ಮೊದಲಿನಿಂದ ಮಾಡಿದೆವು. ನಾಲ್ಕು ದಿನ ಹಿಡಿಯಿತು.

ಸಿಗರೇಟಿನ ಹೊಗೆ ಗಾಳಿಯಲ್ಲಿ ತೇಲಿ ಕಿಟಕಿಯಿಂದ ಹೋಗಿಬಿಡುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಅದರ ನಿಕೋಟಿನ್ ಮತ್ತು ಟಾರು ತೆಳುವಾದ ಜಿಡ್ಡಾಗಿ ಗಾಜು, ಛಾವಣಿಯ ಬಟ್ಟೆ, ಸೀಟಿನ ಸ್ಪಂಜು, ಸೀಟ್ ಬೆಲ್ಟ್ ಹೀಗೆ ಎಲ್ಲೆಲ್ಲೂ ಕೂರುತ್ತವೆ. ಒಳಗಿನ ಗಾಳಿಯನ್ನೇ ತಿರುಗಿಸುವಂತೆ ಎ.ಸಿ. ಇಟ್ಟು ಸೇದಿದರೆ ಹೊಗೆ ಕೂಲಿಂಗ್ ಕಾಯಿಲ್‌ನ ತೆಳು ತಗಡುಗಳ ನಡುವೆಯೂ ಹೋಗಿ ಅಂಟುತ್ತದೆ. ಚಳಿಗಾಲದಲ್ಲಿ ಇದೆಲ್ಲ ಸುಮ್ಮನಿರುತ್ತದೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟಿದಾಗ, ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಕಾವು ಏರುತ್ತದೆ. ಆಗ ಸ್ಪಂಜಿನೊಳಗಿನ ಜಿಡ್ಡು ಮತ್ತೆ ಆವಿಯಾಗಿ ಮೇಲೇಳುತ್ತದೆ. ಸುಗಂಧ ನಾಲ್ಕು ದಿನ ಅದನ್ನು ಮುಚ್ಚಿಡಬಹುದು, ತೆಗೆಯಲಾರದು.

ಇನ್ನು ಮುಂದೆ ಮೊದಲ ದಿನವೆಲ್ಲ ಜಿಡ್ಡು ತೆಗೆಯುವ ಕೆಲಸ. ಸೀಟುಗಳನ್ನು ಬಿಚ್ಚುತ್ತೇವೆ; ಸೀಟಿನ ಹಳಿಗಳ ಸಂದಿಯಲ್ಲಿ ಬೂದಿ, ಬೀಡಿಯ ತುಂಡು, ಗುಟ್ಕಾದ ಚೂರು ಸಿಗದ ಕಾರನ್ನು ನಾನು ಕಂಡಿದ್ದು ಕಡಿಮೆ. ಬೆಲ್ಟನ್ನು ಕೊನೆಯವರೆಗೆ ಎಳೆದು ಕ್ಲಿಪ್ ಹಾಕಿ, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಒಳಗೆ ಬಿಡುತ್ತೇವೆ. ಎ.ಸಿ. ಫಿಲ್ಟರ್ ಹೊಸದು, ಕಾಯಿಲ್‌ಗೆ ನೊರೆ ಔಷಧ. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಛಾವಣಿ. ಆ ಬಟ್ಟೆ ತೆಳು ಸ್ಪಂಜಿಗೆ, ಸ್ಪಂಜು ಹಲಗೆಗೆ, ಬರೀ ಅಂಟಿನಿಂದ ಹಿಡಿದಿರುತ್ತದೆ. ನೀರು ಹೆಚ್ಚಾದರೆ ಅಂಟು ಬಿಟ್ಟು, ಮಳೆ ನೀರು ನಿಂತ ಚಪ್ಪರದ ಹಾಗೆ ಜೋತು ಬೀಳುತ್ತದೆ. ಆದ್ದರಿಂದ ಔಷಧವನ್ನು ಛಾವಣಿಗೆ ಹೊಡೆಯದೆ ಕೈಯಲ್ಲಿನ ಅರಿವೆಗೆ ಹೊಡೆದು, ಒಂದೊಂದು ಗೇಣು ಜಾಗವನ್ನೇ ಒತ್ತಿ ಒರೆಸಬೇಕು. ಇದರಲ್ಲಿ ಅವಸರ ನಡೆಯುವುದಿಲ್ಲ.

ಓಝೋನ್ ಯಂತ್ರವನ್ನು ಬಿಟ್ಟದ್ದು ನನ್ನ ನಿರ್ಧಾರ. ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು, ರಬ್ಬರನ್ನು ಬಿರಿಯಿಸುತ್ತದೆ, ಜಿಡ್ಡಿನ ನಿಕೋಟಿನ್ ಜೊತೆ ಸೇರಿ ಉಸಿರಿನಲ್ಲಿ ಒಳಹೋಗುವ ಹೊಸ ಸೂಕ್ಷ್ಮ ಕಣಗಳನ್ನೂ ಹುಟ್ಟಿಸುತ್ತದೆ. ಕಾರಿನ ಬಾಗಿಲು ತೆರೆದು ಮೊದಲು ಒಳಗೆ ತಲೆ ಹಾಕುವವರು ನಮ್ಮ ಹುಡುಗರು. ಅವರ ಕೆಮ್ಮು ಕೇಳಿಸಿಕೊಂಡು ಆ ಯಂತ್ರ ಹಚ್ಚಲು ನನಗೆ ಮನಸ್ಸಿಲ್ಲ.

ನಾಯಿ ಬೆಕ್ಕಿನ ಮೂತ್ರದ ಕಥೆ ಬೇರೆ. ಸ್ಪಂಜಿನೊಳಗೆ ಇಳಿದು ಒಣಗಿದ ಮೂತ್ರ ಬರೀ ನೀರಿಗೆ ಸುಲಭವಾಗಿ ಹೋಗುವುದಿಲ್ಲ. ತೊಳೆದು ಒಣಗಿಸಿದಾಗ ಹೋಯಿತು ಎನ್ನಿಸುತ್ತದೆ, ಮೊದಲ ಮಳೆಯ ತೇವಕ್ಕೆ ನಾತ ಮರಳುತ್ತದೆ. ಅದಕ್ಕೆ ನಾತದ ಕೊಳೆಯನ್ನು ಒಡೆಯುವ ಕಿಣ್ವದ (ಎನ್‌ಜೈಮ್) ದ್ರಾವಣ ಬೇಕು. ಕಿಣ್ವ ಕೆಲಸ ಮಾಡಲು ಆ ಜಾಗ ಗಂಟೆಗಟ್ಟಲೆ ಒದ್ದೆಯಾಗಿರಬೇಕು, ಬಿಸಿನೀರು ತಗಲಬಾರದು. ನಮ್ಮ ಕಲಬುರಗಿಯ ಬಿಸಿಲಿಗೆ ಹಾಕಿದ ದ್ರಾವಣ ಹತ್ತು ನಿಮಿಷ ನಿಲ್ಲುವುದಿಲ್ಲ. ಹಾಗಾಗಿ ಅದರ ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ರಾತ್ರಿಯಿಡೀ ಬಿಡುತ್ತೇವೆ. ಮರುದಿನ ಹೀರಿ ತೆಗೆದು ಒಣಗಿಸುವುದಕ್ಕೆ ಅದೇ ಬಿಸಿಲು ನೆರವಿಗೆ ಬರುತ್ತದೆ. ಮಳೆಗಾಲದಲ್ಲಿ ಸ್ಪಂಜು ಒಣಗದೆ ಬೂಷ್ಟು ಹಿಡಿಯುವ ಭಯ, ಅದಕ್ಕೇ ಇನ್ನೊಂದು ದಿನ.

ಮೊನ್ನೆ ಶಿಕ್ಷಕಿಯೊಬ್ಬರು ತಮ್ಮ ನಾಯಿ ಹಿಂದಿನ ಸೀಟಿನಲ್ಲಿ ಒಮ್ಮೆ ಮಾತ್ರ ಮಾಡಿದೆ ಎಂದು ಕಾರು ಬಿಟ್ಟರು. ಸಂಜೆ ಷಟರ್ ಎಳೆದು, ದೀಪ ಆರಿಸಿ, ನೇರಳಾತೀತ ಟಾರ್ಚು ಹಿಡಿದೆವು. ಮೂತ್ರ ಬಿದ್ದ ಜಾಗ ಆ ಬೆಳಕಿನಲ್ಲಿ ಮಂಕು ಹಳದಿಯಾಗಿ ಹೊಳೆಯುತ್ತದೆ. ಮೂರು ಕಡೆ ಹೊಳೆಯಿತು, ಒಂದು ಡಿಕ್ಕಿಯ ಚಾಪೆಯ ಕೆಳಗೆ. ಪರೀಕ್ಷೆ ಮಾಡದೆ ದರ ಹೇಳುವುದನ್ನು ನಾವು ಬಿಟ್ಟಿರುವುದು ಇದಕ್ಕೇ.

ತರುವ ಮೊದಲು ದಯವಿಟ್ಟು ಮನೆಮದ್ದು ಮಾಡಬೇಡಿ. ಮೂತ್ರದ ಮೇಲೆ ಫಿನೈಲ್ ಸುರಿಯುವವರು ಬಹಳ. ಎರಡು ನಾತ ಬೆರೆತು ಮೂರನೆಯದಾಗುತ್ತದೆ, ಬೆಕ್ಕಿಗೆ ಅದು ವಿಷವೂ ಹೌದು. ಬ್ಲೀಚ್ ಹಾಕಿದರೆ ಮೂತ್ರದ ಅಮೋನಿಯಾ ಜೊತೆ ಸೇರಿ ವಿಷಗಾಳಿ ಏಳುತ್ತದೆ. ಹೊಗೆಯ ವಾಸನೆಗೆ ಊದಿನಕಡ್ಡಿ, ಲೋಬಾನ ಹಚ್ಚುತ್ತಾರೆ, ಅದೂ ಹೊಗೆಯೇ, ಅದೇ ಛಾವಣಿಗೆ ಅಂಟುತ್ತದೆ. ಸೀಟಿನ ಕೆಳಗೆ ಪೈಪು ಹಿಡಿದು ನೀರು ಬಿಡಲೇಬೇಡಿ, ಅಲ್ಲಿ ಏರ್‌ಬ್ಯಾಗಿನ ಹಳದಿ ವೈರುಗಳಿರುತ್ತವೆ. ಹೊಸ ಕಲೆಯಾದರೆ ಒಣಬಟ್ಟೆಯಿಂದ ಒತ್ತಿ ಹೀರಿಸಿ, ಉಜ್ಜದೆ ನಮಗೆ ಫೋನ್ ಮಾಡಿ.

ದರ ಹೀಗಿದೆ. ಸಣ್ಣ ಕಾರಿಗೆ ಈವರೆಗೆ 1,800 ರೂಪಾಯಿ ಇತ್ತು. ಇನ್ನು ಹೊಗೆಯ ಕೆಲಸಕ್ಕೆ 3,600, ಸಾಕುಪ್ರಾಣಿಯ ಕೆಲಸಕ್ಕೆ 3,000. ದೊಡ್ಡ ಕಾರಿಗೆ 800 ಹೆಚ್ಚು. ಫಿಲ್ಟರಿನ ಬೆಲೆ ಬಿಲ್ಲಿನಲ್ಲಿ ಇದ್ದಷ್ಟೇ. ಪರೀಕ್ಷೆ ಉಚಿತ. ಸಾಮಾನ್ಯ ತೊಳೆತದ ದರ ಬದಲಾಗಿಲ್ಲ.

ಗಾಣಗಾಪುರ, ಸೊಲ್ಲಾಪುರ, ಹೈದರಾಬಾದಿನ ಬಾಡಿಗೆಗೆ ಓಡಿಸುವ ಟ್ಯಾಕ್ಸಿಯ ಅಣ್ಣಂದಿರಿಗೆ ಎರಡು ದಿನ ಗಾಡಿ ನಿಂತರೆ ಎರಡು ದಿನದ ಗಳಿಕೆ ಹೋದಂತೆ ಎಂಬುದು ನಮಗೆ ಗೊತ್ತು. ಗಾಣಗಾಪುರಕ್ಕೆ ಜನ ಹೆಚ್ಚುವ ಹುಣ್ಣಿಮೆಯ ಆಸುಪಾಸು ಬಿಟ್ಟು ಮೊದಲೇ ದಿನ ಗೊತ್ತುಮಾಡಿದರೆ 500 ರೂಪಾಯಿ ಕಡಿಮೆ ಮಾಡುತ್ತೇವೆ. ಸಾರ್ವಜನಿಕ ವಾಹನದಲ್ಲಿ ಧೂಮಪಾನ ಮಾಡಬಾರದೆಂಬ ನಿಯಮ 2008ರ ಅಕ್ಟೋಬರ್ 2ರಿಂದಲೇ ಇದೆ. ಪ್ರಯಾಣಿಕರಿಗೆ ಹೇಳಲು ಸಂಕೋಚವಾದರೆ ಆ ಸೂಚನೆಯ ಫಲಕ ನಮ್ಮಲ್ಲಿ ಉಚಿತವಾಗಿ ಸಿಗುತ್ತದೆ.

ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ಹತ್ತು ಹದಿನೈದು ವರ್ಷ ದಿನವೂ ಸೇದಿದ ಕಾರಿನ ವಾಸನೆ ಪೂರ್ತಿ ಹೋಗುತ್ತದೆಂದು ನಾವು ಮಾತು ಕೊಡುವುದಿಲ್ಲ. ಛಾವಣಿಯ ಬಟ್ಟೆಯನ್ನೇ ಬದಲಿಸಬೇಕಾದರೆ ಕೆಲಸ ಶುರು ಮಾಡುವ ಮುಂಚೆಯೇ ಹೇಳುತ್ತೇವೆ; ಬೇಡವೆಂದರೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳದೆ ಕಾರು ವಾಪಸು ಕೊಡುತ್ತೇವೆ. ಕೆಲಸ ಮುಗಿದ ಮೇಲೆ ಕಾರನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಗಾಜು ಏರಿಸಿ ಎರಡು ಗಂಟೆ ನಿಲ್ಲಿಸುತ್ತೇವೆ. ಬಾಗಿಲನ್ನು ನೀವೇ ಬಂದು ತೆರೆಯಿರಿ. ನಿಮ್ಮ ಮೂಗು ಒಪ್ಪಿದ ಮೇಲೆ ಹಣ ಕೊಡಿ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ, ಕೆಲಸ ಮಾತ್ರ ಹೊಸ ಕ್ರಮದ್ದು. ಕಳೆದ ಆರು ತಿಂಗಳಲ್ಲಿ ನಮ್ಮಲ್ಲಿ ಹೊಗೆಯ ಕೆಲಸ ಮಾಡಿಸಿಕೊಂಡು, ವಾಸನೆ ಮರಳಿದ್ದರೂ ಸುಮ್ಮನಿದ್ದವರು ಇದ್ದರೆ, ಹಳೆಯ ರಸೀದಿಯೊಂದಿಗೆ ಬನ್ನಿ. ಆ ಕಾರನ್ನು ಮತ್ತೆ ಮಾಡಿಕೊಡುವುದು ನಮ್ಮ ಹೊಣೆ.

ಇಂತಿ,
ನಿಮ್ಮ ಕಾರು ಶುಚಿ ಕೇಂದ್ರದ ಮಾಲೀಕ ಮತ್ತು ಕೆಲಸಗಾರರು,
ಕಲಬುರಗಿ